ಹಣೆಯ ಮೇಲಿನ ಬಿಳಿ ಗೆರೆ

ಅಂಗಡಿಗೆ ಸ್ಕ್ಯಾನರ್ ಬಂದ ದಿನ ನಾನು ಮೊದಲು ಅದರ ಗಾಜಿನ ಮೇಲೆ ಇಟ್ಟಿದ್ದು ನನ್ನ ಕೈಯನ್ನು. ಇಡಲು ಬೇರೆ ಏನೂ ಹೊಳೆಯಲಿಲ್ಲ. ಮುಚ್ಚಳದ ಸಂದಿಯಲ್ಲಿ ಬಿಳಿ ಬೆಳಕು ಮೆಲ್ಲಗೆ ಸರಿದುಹೋಯಿತು. ಕಂಪ್ಯೂಟರ್ ಪರದೆಯ ಮೇಲೆ ನನ್ನ ಅಂಗೈ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಬಂತು. ಮೊದಲು ಬೆರಳ ತುದಿ, ಆಮೇಲೆ ಗೆಣ್ಣು, ಆಮೇಲೆ ಹೋಟೆಲಿನಲ್ಲಿ ಲೋಟ ತೊಳೆಯುವಾಗ ಗಾಜು ಚುಚ್ಚಿದ ಹಳೆಯ ಗಾಯ.

"ಏನಯ್ಯಾ ಇದು, ಮಿಷಿನ್ ಕೈಲಿ ಶಾಸ್ತ್ರ ಕೇಳ್ತಿದ್ದೀಯಾ? ಮದ್ವೆ ಯಾವಾಗ ಅಂತ ಏಳ್ತಾ?" ಎಂದು ಯಜಮಾನರು ನಕ್ಕರು.

"ಅದು ಬರೀ ತೋರುಸ್ತದೆ ಸಾ, ಏಳಲ್ಲ" ಅಂದೆ.

ಚಾಮರಾಜನಗರ ಆಗಿನ್ನೂ ಹೊಸ ಜಿಲ್ಲೆ. ಹೊಸ ಆಫೀಸುಗಳು ಬಂದಿದ್ದವು, ಅವುಗಳಿಗೆ ಫಾರಂ, ರಸೀದಿ ಪುಸ್ತಕ, ಲೆಟರ್‌ಹೆಡ್ ಬೇಕಾಗಿದ್ದವು. ನಮ್ಮದು ದೊಡ್ಡಂಗಡಿ ಬೀದಿಯ ಹಿಂದೆ ಒಂದು ಚಿಕ್ಕ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್, ಹಿಂದೆ ಮುದ್ರಣದ ಯಂತ್ರ. ನಾನು ಕಂಪ್ಯೂಟರಿನ ಮುಂದೆ ಕೂರುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗುಂಡ್ಲುಪೇಟೆಯ ಹೋಟೆಲಿನಲ್ಲಿ ದುಡಿದು, ಇಪ್ಪತ್ತಾರಕ್ಕೆ ಟ್ಯುಟೋರಿಯಲ್ ಸೇರಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ನನ್ನ ಜೊತೆ ಬೆಂಚಿನಲ್ಲಿ ಕೂತವರೆಲ್ಲ ನನ್ನನ್ನು 'ಅಂಕಲ್' ಅನ್ನುತ್ತಿದ್ದರು. ಟೈಪಿಂಗ್ ಕಲಿತದ್ದೂ ತಡವಾಗಿಯೇ. ಈಗಲೂ ಎರಡು ಬೆರಳಿನಲ್ಲೇ ಒತ್ತುತ್ತೇನೆ, ಇದನ್ನೂ ಹಾಗೆಯೇ.

ಸ್ಕ್ಯಾನರ್ ಹಾಕಿಕೊಟ್ಟವನು ಮೈಸೂರಿನ ಒಬ್ಬ ಹುಡುಗ. ಅವನು ಒಂದು ಮಧ್ಯಾಹ್ನದಲ್ಲಿ ಹೇಳಿಕೊಟ್ಟು ಹೋದದ್ದನ್ನು ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಚಿತ್ರದ ಪ್ರೋಗ್ರಾಮ್ ತೆರೆಯಬೇಕು. ಅದರ ಒಳಗಿನಿಂದಲೇ ಸ್ಕ್ಯಾನರಿನ ಪ್ರೋಗ್ರಾಮನ್ನು ಕರೆಯಬೇಕು. ಕರೆದರೆ ಇನ್ನೊಂದು ಚೌಕ ತೆರೆದುಕೊಳ್ಳುತ್ತದೆ. ಅಲ್ಲಿ 'ಪ್ರಿವ್ಯೂ' ಒತ್ತಿದರೆ ಬೆಳಕು ಒಂದು ಸಲ ಬೇಗನೆ ಓಡಿಹೋಗಿ ಚಿತ್ರದ ನೆರಳೊಂದನ್ನು ತೋರಿಸುತ್ತದೆ. ಅದು ತೋರಿಸಲಿಕ್ಕಷ್ಟೇ, ಎಲ್ಲಿಯೂ ಉಳಿಯುವುದಿಲ್ಲ. ಆ ನೆರಳಿನಲ್ಲಿ ನಮಗೆ ಬೇಕಾದ ಭಾಗದ ಸುತ್ತ ಮೌಸಿನಿಂದ ಚೌಕ ಎಳೆಯಬೇಕು. ಎಳೆದರೆ ಚುಕ್ಕೆ ಚುಕ್ಕೆಯ ಗೆರೆ, ಸಕ್ಕರೆ ಸಿಕ್ಕಿದ ಇರುವೆ ಸಾಲಿನ ಹಾಗೆ, ಸುತ್ತ ಓಡಲು ಶುರುವಾಗುತ್ತದೆ. ಆಮೇಲೆ ಎಷ್ಟು ಸೂಕ್ಷ್ಮವಾಗಿ ಬೇಕು ಎಂಬ ಸಂಖ್ಯೆ ಹಾಕಿ 'ಸ್ಕ್ಯಾನ್' ಒತ್ತಬೇಕು. ಆಗ ಬೆಳಕು ಇನ್ನೊಂದು ಸಲ, ಬಹಳ ನಿಧಾನವಾಗಿ ಹೋಗುತ್ತದೆ. ಆ ಎರಡನೇ ಸಲ ಬಂದದ್ದು ಮಾತ್ರ ಚಿತ್ರದ ಪ್ರೋಗ್ರಾಮಿಗೆ ಸೇರುತ್ತದೆ.

ಆ ಊರಿನಲ್ಲಿ ನನಗೆ ಗುರುತಿನವರು ಕಡಿಮೆ. ರೈಲ್ವೆ ಸ್ಟೇಷನ್ ಕಡೆ ಒಂದು ರೂಮು. ಮೈಸೂರಿನಿಂದ ಬರುವ ರೈಲು ಅಲ್ಲಿಗೇ ಮುಗಿಯುತ್ತದೆ. ಬಂದವರು ಇಳಿದು ಹೋದ ಮೇಲೆ ಖಾಲಿ ಡಬ್ಬಿಗಳು ನಿಂತಿರುತ್ತಿದ್ದವು. ಭಾನುವಾರ ನಾನು ಅವನ್ನು ನೋಡಿಕೊಂಡು ಕೂರುತ್ತಿದ್ದೆ. ಮಾತಿಗೆ ಅಂತ ಮೆಸ್ಸಿನವನು, "ಅನ್ನ ಬೇಕಾ ಸಾರ್?" ಅನ್ನುವುದು, ನಾನು "ಸಾಕು" ಅನ್ನುವುದು, ಅಷ್ಟೇ. ವಾರದ ಆರು ದಿನ ನನಗೆ ಜೊತೆಯಾಗಿದ್ದವರು ಗಾಜಿನ ಮೇಲೆ ಬೋರಲಾಗಿ ಮಲಗುತ್ತಿದ್ದ ಫೋಟೋದವರು. ಮದುವೆ ಕಾರ್ಡಿನ ಹುಡುಗ ಹುಡುಗಿಯರು, ಸಂಘದ ಚುನಾವಣೆಗೆ ನಿಂತವರು, ಎಲ್ಲರಿಗಿಂತ ಹೆಚ್ಚಾಗಿ ತೀರಿಕೊಂಡವರು. ಚಂದಕವಾಡಿಯಿಂದ, ಉಮ್ಮತ್ತೂರಿನಿಂದ ಮನೆಯವರು ಸತ್ತವರ ಫೋಟೋವನ್ನು ಗೋಡೆಯಿಂದ ಇಳಿಸಿ, ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದರು.

"ನಮ್ಮಪ್ಪುಂಗೆ ಒಂದ್ ಕೋಟ್ ಆಕ್ಬುಡಿ ಸಾ" ಅನ್ನುತ್ತಿದ್ದರು.

"ಬದುಕಿದ್ದಾಗ ಆಕಿದ್ರಾ?"

"ಎಲ್ಲೀದು ಸಾ! ಅಂಗಿ ಆಕಂಡ್ರೆ ಮೈ ಕಡೀತದೆ ಅನ್ನೋರು. ಈಗ ಕಡಿಯಕಿಲ್ವಲ್ಲ, ಆಕ್ಬುಡಿ."

ಅದಕ್ಕಾಗಿ ಒಂದು ಕೋಟಿನ ಚಿತ್ರ ಇಟ್ಟುಕೊಂಡಿದ್ದೆ. ಕಪ್ಪು ಕೋಟು, ಕುತ್ತಿಗೆಯ ಜಾಗ ಖಾಲಿ. ಎಷ್ಟು ಜನರ ತಲೆ ಅದರ ಮೇಲೆ ಕೂತಿತ್ತೋ ಲೆಕ್ಕವಿಲ್ಲ. ಫೋಟೋದ ಮೇಲಿನ ಕಲೆ, ಗೆದ್ದಲು ತಿಂದ ತೂತು, ನೀರಿನ ಗೆರೆ, ಪ್ಲಾಸ್ಟಿಕ್ಕಿನ ಹೊಳಪು, ಎಲ್ಲವನ್ನೂ ಅಳಿಸುವುದು ಕಲಿತೆ. ಪಕ್ಕದ ಚರ್ಮವನ್ನು ತಂದು ಕಲೆಯ ಮೇಲೆ ಅಂಟಿಸುವುದು. ಯಜಮಾನರು ಬಂದವರಿಗೆ, "ನಮ್ಮುಡ್ಗ ಅವ್ನೆ, ಮುಖಾನ ತೊಳ್ದು ಕೊಡ್ತಾನೆ" ಅಂತ ಹೇಳುತ್ತಿದ್ದರು. ನನಗೆ ಆಗ ಮೂವತ್ತು ದಾಟಿತ್ತು.

ಇಷ್ಟು ಮುಖ ತೊಳೆದರೂ ನನ್ನ ಅವ್ವನ ಒಂದು ಫೋಟೋ ನನ್ನ ಹತ್ತಿರ ಇರಲಿಲ್ಲ. ಅವ್ವ ಹಂಗಳದಲ್ಲಿ ಅಕ್ಕನ ಮನೆಯಲ್ಲಿದ್ದಳು, ಹಿಂದಿನ ವರ್ಷ ಅಲ್ಲೇ ತೀರಿಕೊಂಡಳು. ಗುಂಡ್ಲುಪೇಟೆಯ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತೇನೆ ಅಂತ ನಾನು ಎಷ್ಟೋ ಸಲ ಹೇಳಿದ್ದೆ. "ಮುದುಕಿ ಮುಸುಡಿ ಏನ್ ನೋಡೀಯೆ ಬುಡು" ಅನ್ನುತ್ತಿದ್ದಳು. ಅವಳು ಹಾಗೆ ಅಂದದ್ದೇ ನನಗೆ ಸುಲಭವಾಗಿತ್ತು. ಅವಳು ತೀರಿಕೊಂಡ ಒಂದು ವರ್ಷದೊಳಗೆ ಒಂದು ವಿಚಿತ್ರ ಆಗತೊಡಗಿತು. ಅವ್ವನನ್ನು ನೆನೆದರೆ ಧ್ವನಿ ಬರುತ್ತಿತ್ತು, ಸೀರೆ ಬರುತ್ತಿತ್ತು, ಎಲೆ ಮಡಿಚುವ ಬೆರಳು ಬರುತ್ತಿತ್ತು. ಮುಖ ಬರುತ್ತಿರಲಿಲ್ಲ. ಅದರ ಜಾಗದಲ್ಲಿ ಯಾವುದೋ ಗಿರಾಕಿಯ ಅಜ್ಜಿಯ ಮುಖ ಬಂದು ಕೂರುತ್ತಿತ್ತು. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಇರಲಿಲ್ಲ ಅನ್ನುವುದೂ ನಿಜ.

ಇದ್ದದ್ದು ಒಂದೇ. ಎಲೆಕ್ಷನ್ ಗುರುತಿನ ಚೀಟಿ. ನಾಲ್ಕೈದು ವರ್ಷದ ಹಿಂದೆ ಊರೂರಿನ ಶಾಲೆಗೆ ಕ್ಯಾಮೆರಾ ತಂದು ಎಲ್ಲರನ್ನೂ ಸಾಲಾಗಿ ಕೂರಿಸಿ ತೆಗೆದ ಕಪ್ಪು ಬಿಳುಪಿನ ಚಿತ್ರ. ಆಗ ಅವ್ವ, "ನೀನೂವೆ ಬಾರ್ಲಾ, ಜೊತೇಲಿ ಓಗನ, ನಂಗೆ ಆ ಮಿಷಿನ್ ಮುಂದೆ ಕೂರಕ್ಕೆ ದಿಗ್ಲು" ಅಂತ ಹೇಳಿ ಕಳಿಸಿದ್ದಳು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಹೋಗಲಿಲ್ಲ. ಅಕ್ಕ ಜೊತೆಗೆ ಹೋಗಿದ್ದಳು.

ಹಿರಿಯರ ಹಬ್ಬಕ್ಕೆ ಎಂಟು ದಿನ ಇರುವಾಗ ಅಕ್ಕ ತೆರಕಣಾಂಬಿ ಮೇಲೆ ಬರುವ ಬಸ್ಸು ಹತ್ತಿ ಅಂಗಡಿಗೇ ಬಂದಳು. ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಡುವ ಹಬ್ಬ ಅದು. ಅವ್ವನಿಗೆ ಅದೇ ಮೊದಲ ಎಡೆ. ಅಕ್ಕ ಬೆಂಚಿನ ಮೇಲೆ ಕೂತು ಸೊಂಟದಿಂದ ಅವ್ವನ ಎಲೆಅಡಿಕೆ ಚೀಲ ತೆಗೆದಳು. ಅದರೊಳಗಿಂದ ಚೀಟಿ.

"ಎಲ್ರ ಮನೇಲೂ ಎಡೆ ಮುಂದ್ಕೆ ಫೋಟೋ ಇಕ್ತಾರೆ. ನಮ್ಮವ್ವುಂಗೆ ಬರೀ ಚೆಂಬು ಇಕ್ಬೇಕಾ? ದೊಡ್ಡುದ್ ಮಾಡ್ಕೊಡು" ಅಂದಳು.

"ಬುಟ್ಟೋಗು ಅಕ್ಕ, ಮಾಡ್ಕಂಡೇ ಬತ್ತೀನಿ."

ಅವಳು ಚೀಟಿ ಕೊಡಲಿಲ್ಲ. ಒಮ್ಮೆ ಮೂಸಿ ನೋಡಿದಳು. "ಇನ್ನೂವೆ ಒಗೆಸೊಪ್ಪಿನ ಗಮ್ಲು ಅದೆ ಕಣ್ಲಾ. ಜ್ವಾಪಾನ. ನಿನ್ ರೂಮ್ನಲ್ಲಿ ಎಲ್ಲಾದ್ರೂ ಎಸೆದ್ಬುಟ್ಟಿಯೆ."

"ಮಿಷಿನ್ ಒಳಕ್ಕೆ ಇಟ್ಟು ತಗಿಯದು ಅಷ್ಟೇ ಕಣಕ್ಕ."

"ಅವ್ವುಂಗೆ ಮಿಷಿನ್ ಅಂದ್ರೆ ದಿಗ್ಲು" ಅಂದಳು. ನಕ್ಕಳೋ ಬೈದಳೋ ಗೊತ್ತಾಗಲಿಲ್ಲ. ಚೀಟಿ ಕೊಟ್ಟು, ಖಾಲಿ ಚೀಲವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋದಳು.

ಮಾರನೆಯ ದಿನ ಯಜಮಾನರು ಊಟಕ್ಕೆ ಹೋದ ಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ, ಗಾಜನ್ನು ಎರಡು ಸಲ ಒರೆಸಿ ಚೀಟಿಯನ್ನು ಇಟ್ಟೆ. ಪ್ರಿವ್ಯೂ ಒತ್ತಿದೆ. ಅಷ್ಟು ದೊಡ್ಡ ಗಾಜಿನ ಮೂಲೆಯಲ್ಲಿ ಚೀಟಿ, ಚೀಟಿಯ ಮೂಲೆಯಲ್ಲಿ ಅವ್ವ, ಹುಣಸೆ ಬೀಜದಷ್ಟು. ಭೂತಗನ್ನಡಿಯ ಗುರುತಿನ ಬಟನ್ ಒಂದಿತ್ತು. ಚೌಕ ಎಳೆದು ಅದನ್ನು ಒತ್ತಿದರೆ ಬೆಳಕು ಮತ್ತೊಮ್ಮೆ ಹೋಗಿ ಆ ಭಾಗವನ್ನು ಮಾತ್ರ ಕಿಟಕಿಯ ತುಂಬ ತೋರಿಸುತ್ತದೆ. ಒತ್ತಿದೆ.

ಅವ್ವ ಬಂದಳು. ಮೊದಲು ತಲೆಯ ಮೇಲಿನ ಸೆರಗು, ಆಮೇಲೆ ಹಣೆ, ಕಣ್ಣು, ಕೆನ್ನೆಯ ಗುಳಿ. ದಿಗಿಲಾದ ಕಣ್ಣು. ಒಂದು ವರ್ಷದಿಂದ ಬಾರದಿದ್ದ ಮುಖ. ಸುತ್ತ ಚುಕ್ಕೆ ಗೆರೆ ಓಡುತ್ತಿತ್ತು. ನಾನು ಮೌಸಿನಿಂದ ಕೈ ತೆಗೆದು ಸುಮ್ಮನೆ ಕೂತೆ. ಎಷ್ಟು ಹೊತ್ತೋ. ಮನಸ್ಸಿನಲ್ಲಿ ಊಟ ಆಯಿತಾ ಅಂತಲೂ ಕೇಳಿದೆ ಅನ್ನಿಸುತ್ತದೆ.

ಆಮೇಲೆ ಕೆಲಸದ ಕಣ್ಣು ಎಚ್ಚರವಾಯಿತು. ಹಣೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ. ಅಂಥ ಪಟ್ಟಿ ನನಗೆ ಹೊಸದಲ್ಲ. ಲ್ಯಾಮಿನೇಷನ್ ಮಾಡಿಸಿದ ಯಾವ ಕಾಗದ ಇಟ್ಟರೂ ಪ್ಲಾಸ್ಟಿಕ್ ಸುಕ್ಕಾದ ಕಡೆ ಸ್ಕ್ಯಾನರಿನ ಬೆಳಕು ಹೊಳೆದು ಹಾಗೇ ಬೀಳುತ್ತಿತ್ತು. ಎಲ್ಲರ ಅಪ್ಪ ಅವ್ವಂದಿರ ಮುಖ ತೊಳೆದವನು ನನ್ನ ಅವ್ವನ ಹಣೆಯ ಮೇಲೆ ಹೊಳಪು ಬಿಡಬೇಕೆ? ಹಿಂದಿನ ತಿಂಗಳಷ್ಟೇ ಒಂದು ಮದುವೆ ಕಾರ್ಡಿಗೆ ಬಂದ ಫೋಟೋದ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿ, ಚೆನ್ನಾಗಿ ಸ್ಕ್ಯಾನ್ ಮಾಡಿದ್ದೆ. ಅದು ಸ್ಟುಡಿಯೋ ಫೋಟೋ, ದಪ್ಪ ಕಾಗದ. ಇದು ಬರೀ ಮುದ್ರಿಸಿದ ತೆಳು ಕಾಗದ ಅನ್ನುವುದನ್ನು ನಾನು ಯೋಚಿಸಲಿಲ್ಲ.

ಪೂರ್ತಿ ಸ್ಕ್ಯಾನ್ ಮಾಡುವ ಮೊದಲೇ ಚೀಟಿಯನ್ನು ತೆಗೆದು ಬ್ಲೇಡು ಹಾಕಿದೆ. ಅಂಚು ಬಿಟ್ಟುಕೊಂಡಿತು. ಮೆಲ್ಲಗೆ ಎಳೆದೆ. ಹೆಸರು ಇದ್ದ ಕಡೆ ಬಂತು, ಊರು ಇದ್ದ ಕಡೆ ಬಂತು. ಮುಖದ ಹತ್ತಿರ ಬಂದಾಗ ಒಂದು ಸಣ್ಣ ಶಬ್ದ ಆಯಿತು, ಒಣಗಿದ ಎಲೆ ಹರಿದ ಹಾಗೆ. ಕಾಗದದ ಮೇಲ್ಪದರ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಎದ್ದು ಬಂದಿತ್ತು. ಕಾಗದದ ಮೇಲೆ ಬಿಳಿ, ಪ್ಲಾಸ್ಟಿಕ್ಕಿನಲ್ಲಿ ಕಪ್ಪು ತುಣುಕುಗಳು. ಅವ್ವ ಎರಡು ಕಡೆಯೂ ಇರಲಿಲ್ಲ.

ತಲೆ ಎತ್ತಿದೆ. ಪರದೆಯ ಮೇಲೆ ಅವ್ವ ಇನ್ನೂ ಇದ್ದಳು.

ಪ್ರಿವ್ಯೂ. ಉಳಿಯದ ನೆರಳು. ಆ ಕಿಟಕಿ ಮುಚ್ಚಿದರೆ ಹೋಗುತ್ತದೆ. ಸ್ಕ್ಯಾನ್ ಒತ್ತಿದರೆ ಬೆಳಕು ಹೋಗಿ ಖಾಲಿ ಗಾಜನ್ನು ತಂದುಕೊಡುತ್ತದೆ. ಕರೆಂಟು ಹೋದರೆ ಅದೂ ಮುಗಿಯಿತು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮೌಸಿನ ತಂತಿ ಕಾಲಿಗೆ ತಾಗೀತು ಅಂತ ಕಾಲನ್ನೂ ಎತ್ತಿ ಇಟ್ಟುಕೊಂಡೆ.

ಯಜಮಾನರು ಬಂದಾಗ ಹಾಗೇ ಇದ್ದೆ.

"ಇದೇನ್ಲಾ, ಕೋಳಿ ಕಾವಿಗೆ ಕೂತಂಗೆ ಕೂತಿದ್ದೀಯೆ?"

"ಸಾ, ಮುಟ್ಬ್ಯಾಡಿ. ಏನೂ ಮುಟ್ಬ್ಯಾಡಿ." ನನ್ನ ಧ್ವನಿ ಕೇಳಿ ಅವರು ಬಾಗಿಲಲ್ಲೇ ನಿಂತರು. ಹರಿದ ಚೀಟಿ ತೋರಿಸಿ, ಪರದೆ ತೋರಿಸಿದೆ.

"ಯಾರು?"

"ನಮ್ಮವ್ವ."

ಅವರು ಮತ್ತೆ ತಮಾಷೆ ಮಾಡಲಿಲ್ಲ. ಮೈಸೂರಿನ ಹುಡುಗನಿಗೆ ಫೋನು ಮಾಡಿದರು. ಅವನು ಸಿಗುವಷ್ಟರಲ್ಲಿ ಕರೆಂಟು ಹೋಯಿತು. ಮೇಲಿನ ಫ್ಯಾನು ನಿಂತಿತು, ಹಿಂದಿನ ಯಂತ್ರ ನಿಂತಿತು, ಮೇಜಿನ ಕೆಳಗಿನ ಯುಪಿಎಸ್ ಕೂಗಲು ಶುರುಮಾಡಿತು. ಅದು ಹಳೆಯದು. ಹತ್ತು ನಿಮಿಷ ಹಿಡಿದರೆ ಹೆಚ್ಚು.

"ಕೀಬೋರ್ಡ್ ಮೇಲ್ಗಡೆ ಬಲಕ್ಕೆ ಪ್ರಿಂಟ್ ಸ್ಕ್ರೀನ್ ಅಂತ ಒಂದ್ ಕೀ ಅದಂತೆ, ನೋಡು" ಎಂದು ಯಜಮಾನರು ಫೋನ್ ಹಿಡಿದುಕೊಂಡೇ ಕೂಗಿದರು. ಇತ್ತು. ಅಷ್ಟು ದಿನ ಅದರ ಮೇಲಿನ ಧೂಳನ್ನೂ ಒರೆಸಿರಲಿಲ್ಲ. "ಒತ್ತು."

ಒತ್ತಿದೆ. ಏನೂ ಆಗಲಿಲ್ಲ.

"ಏನೂ ಆಗ್ನಿಲ್ಲ ಸಾ."

"ಆಗಕಿಲ್ವಂತೆ. ಕಾಣಕಿಲ್ವಂತೆ. ಒಳ್ಗಡೆ ಇಟ್ಕಂಡಿರ್ತದಂತೆ. ಈಗ ಕಿಟಕಿ ಮುಚ್ಚಿ, ಹೊಸ ಫೈಲ್ ತೆಗ್ದು, ಪೇಸ್ಟ್ ಮಾಡಬೇಕಂತೆ."

"ಮುಚ್ಚುದ್ರೆ ಓಗ್ಬುಡ್ತದೆ ಸಾ."

"ಮುಚ್ದೇ ಇದ್ರೂ ಓಗ್ತದೆ ಕಣಯ್ಯ. ಕೂಗ್ತಾ ಇಲ್ವಾ ಅದು."

ಇನ್ನೊಂದು ಸಲ ಒತ್ತಿದೆ, ಇನ್ನೊಂದು ಸಲ. ಅವ್ವನ ಮುಖ ನೋಡಿದೆ. ಹಣೆ, ಕಣ್ಣು, ಕೆನ್ನೆಯ ಗುಳಿ ಎಲ್ಲವನ್ನೂ ಬಾಯಿಪಾಠ ಮಾಡುವವನ ಹಾಗೆ ಒಂದೊಂದಾಗಿ ನೋಡಿದೆ. ಕಿಟಕಿ ಮುಚ್ಚಿದೆ. ಅವ್ವ ಹೋದಳು. ಹೊಸ ಫೈಲು ಬರಲು ಅಷ್ಟು ತಡ ಅದು ಯಾವತ್ತೂ ಮಾಡಿರಲಿಲ್ಲ. ಪೇಸ್ಟ್ ಮಾಡಿದೆ. ಇಡೀ ಪರದೆಯೇ ಒಳಗೆ ಬಂತು, ಕಿಟಕಿಯ ಚೌಕ, ಬಟನ್ನುಗಳು, ಅವುಗಳ ನಡುವೆ ಅವ್ವ. ಸುತ್ತ ಓಡುತ್ತಿದ್ದ ಚುಕ್ಕೆಗಳು ನಿಂತುಬಿಟ್ಟಿದ್ದವು. ನಿಂತದ್ದರಿಂದಲೇ ಸಿಕ್ಕಳು ಅಂತ ತಿಳಿಯಿತು. ಸೇವ್ ಮಾಡಿ, ಫ್ಲಾಪಿಗೂ ಹಾಕಿದೆ. ಫ್ಲಾಪಿ ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಯುಪಿಎಸ್ ಸುಮ್ಮನಾಯಿತು, ಪರದೆ ಕಪ್ಪಾಯಿತು.

"ಟೀ ಕುಡಿ ಓಗು" ಅಂದರು ಯಜಮಾನರು. ಹೋಗಲಿಲ್ಲ.

ಮುಂದಿನ ದಿನಗಳಲ್ಲಿ ಬಟನ್ನು, ಚೌಕಗಳನ್ನು ಕತ್ತರಿಸಿ ತೆಗೆದೆ. ದೊಡ್ಡದು ಮಾಡಿದಾಗ ಮುಖ ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು, ಅದನ್ನು ಮೆತ್ತಗೆ ಮಾಡಿದೆ. ಹಣೆಯ ಬಿಳಿ ಪಟ್ಟಿಯನ್ನು ತುಂಬಲು ಕೆನ್ನೆಯ ಚರ್ಮ ತಂದು ಅಂಟಿಸಿದೆ. ಕೂಡಲೇ ಅದು ಬೇರೆ ಯಾರದೋ ಹಣೆಯಾಯಿತು. ಹಿಂದಕ್ಕೆ ತಂದೆ. ಎಷ್ಟು ಸಲ ಮಾಡಿದರೂ ಹಾಗೇ. ಕೊನೆಗೆ ಪಟ್ಟಿಯನ್ನು ಹಾಗೇ ಬಿಟ್ಟು ಪ್ರಿಂಟ್ ತೆಗೆದು ಕಟ್ಟು ಹಾಕಿಸಿದೆ.

ಹಬ್ಬದ ಹಿಂದಿನ ದಿನ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಹಂಗಳಕ್ಕೆ ಹೋದೆ. ದಾರಿಯುದ್ದಕ್ಕೂ ಚೀಟಿ ಕಳೆದುಹೋಯಿತು ಅಂತ ಹೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಅಕ್ಕ ಒರಳಿನ ಮುಂದೆ ಕೂತಿದ್ದಳು. ನನ್ನ ಕೈಯಲ್ಲಿದ್ದ, ಪೇಪರಿನಲ್ಲಿ ಸುತ್ತಿದ ಫೋಟೋ ನೋಡಲಿಲ್ಲ.

"ಚೀಟಿ ಕೊಡು ಮೊದ್ಲು" ಅಂದಳು. ಸೊಂಟದ ಚೀಲ ತೆಗೆದು ಬಾಯಿ ಬಿಚ್ಚಿ ಹಿಡಿದಳು.

ಸುಳ್ಳು ಬರಲಿಲ್ಲ. ಜೇಬಿನಿಂದ ಲಕೋಟೆ ತೆಗೆದು ಕೊಟ್ಟೆ. ಒಳಗಿನದನ್ನು ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ನೋಡಿದಳು.

"ಇದೇನ್ಲಾ ಮಾಡ್ಬುಟ್ಟೆ?"

"ಪ್ಲಾಸ್ಟಿಕ್ ಬುಡ್ಸಕ್ಕೆ ಓದೆ ಅಕ್ಕ. ಕಿತ್ಕಂಬುಡ್ತು."

"ಯಾಕ್ ಬುಡುಸ್ಬೇಕಿತ್ತು? ನಾನ್ ಏಳಿದ್ನಾ ಬುಡ್ಸು ಅಂತ? ಒಂದ್ ವರ್ಸ ಸೊಂಟುದಲ್ಲಿ ಇಕ್ಕಂಡಿದ್ದೆ, ಒಂದ್ ಗೆರೆ ಬಿದ್ದಿರ್ನಿಲ್ಲ. ನಿನ್ ಕೈಗ್ ಕೊಟ್ಟು ಒಂದ್ ವಾರ ತಡೀನಿಲ್ವಲ್ಲೋ!" ತುಣುಕುಗಳನ್ನು ಮೂಸಿದಳು. "ಗಮ್ಲೂ ಓಯ್ತು."

ನಾನು ಪೇಪರ್ ಬಿಚ್ಚಿ ಫೋಟೋವನ್ನು ಗೋಡೆಗೆ ಒರಗಿಸಿದೆ. ಅಕ್ಕ ಸಿಟ್ಟಿನಲ್ಲಿ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಅವಳ ಬಾಯಿಂದ "ಅವ್ವ" ಅಂತ ಬಂತು, ನನಗಲ್ಲ, ಫೋಟೋಗೆ.

ನನಗೆ ತಡೆಯಲಾಗಲಿಲ್ಲ. "ಆ ಅಣೆ ಮೇಲಿನ ಬಿಳೀ ಪಟ್ಟಿ ಓಗ್ನಿಲ್ಲ ಕಣಕ್ಕ. ಪ್ಲಾಸ್ಟಿಕ್ ವಳಪು. ಅದ ತಗಿಯಕ್ಕೇ ನಾನು ಚೀಟಿ ಕುಯ್ದಿದ್ದು."

"ಯಾವ್ ಪಟ್ಟಿ?"

ತೋರಿಸಿದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಇಬೂತಿ ಕಣ್ಲಾ ಅದು."

ನಾನು ಬಗ್ಗಿ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ.

"ಅವತ್ತು ಸ್ವಾಮಾರ, ಮಾದಪ್ಪುನ್ ದಿನ. ಇಸ್ಕೂಲ್ ಮುಂದೆ ಸಾಲ್ನಲ್ಲಿ ನಿಂತಿದ್ದಾಗ, 'ಬರೀ ಅಣೇಲಿ ಎಂಗಮ್ಮಿ ಕೂರದು, ಮಾದಪ್ಪುನ್ ಇಬೂತಿ ಇಕ್ಕು' ಅಂದ್ಲು. ನನ್ ಸೆರಗಲ್ಲಿ ಗಂಟಾಕಿದ್ದೆ, ನಾನೇ ಇಕ್ದೆ. ಸಾಲ್ನಲ್ಲಿದ್ದೋರೆಲ್ಲ ನಗಾಡುದ್ರು, ಮುದುಕೀಗೆ ಸಿಂಗಾರ ನೋಡು ಅಂತ." ಅಕ್ಕ ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತಾ ಅಂದಳು, "ನೀನು ಅವತ್ತು ಬಂದಿದ್ರೆ ಗೊತ್ತಾಯ್ತಿತ್ತು."

ಬೇರೆಯವರ ಫೋಟೋ ಆಗಿದ್ದರೆ ನಾನು ಕೇಳುತ್ತಿದ್ದೆ. ಈ ಕಲೆ ಏನು, ಇರಲೋ ತೆಗೆಯಲೋ ಅಂತ ಪ್ರತಿಯೊಬ್ಬರನ್ನೂ ಕೇಳುವುದು ನಮ್ಮ ಅಂಗಡಿಯ ರೂಢಿ. ನನ್ನ ಅವ್ವ ಅಂತ ಕೇಳಲಿಲ್ಲ.

ಮಾರನೆಯ ದಿನ ಎಡೆ ಇಟ್ಟೆವು. ಹೊಸ ಸೀರೆ, ಕಡುಬು, ಹುರುಳಿಕಾಳಿನ ಸಾರು, ಎಲೆಅಡಿಕೆ, ಹೊಗೆಸೊಪ್ಪು. ನಡುವೆ ಫೋಟೋ. ಹರಿದ ಚೀಟಿಯ ತುಣುಕುಗಳನ್ನು ಅಕ್ಕ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಸೀರೆಯ ಮೇಲೆ ಇಟ್ಟಿದ್ದಳು. ನನ್ನ ಜೊತೆ ಅವಳು ಬೆಳಗಿನಿಂದ ಮಾತಾಡಿರಲಿಲ್ಲ. ಚೆಂಬಿಗೆ, ದೀಪಕ್ಕೆ, ಬಾಗಿಲಿಗೆ ವಿಭೂತಿ ಹಚ್ಚುತ್ತಾ ಬಂದವಳು ಫೋಟೋದ ಮುಂದೆ ಬೆರಳು ಎತ್ತಿ, ಹಾಗೇ ನಿಲ್ಲಿಸಿದಳು.

"ಇದ್ಕೆ ಬ್ಯಾಡ ಬುಡು" ಅಂದಳು. "ಇಕ್ಕಂಡೇ ಬಂದವ್ಳೆ."

ಆ ಬೆರಳಿನಲ್ಲಿ ಉಳಿದಿದ್ದ ವಿಭೂತಿಯನ್ನು ನನ್ನ ಕಡೆ ತಿರುಗಿ ನನ್ನ ಹಣೆಗೆ ಹಚ್ಚಿದಳು. ಮೆತ್ತಗೆ ಹಚ್ಚಲಿಲ್ಲ.

ಸಂಜೆಯ ಬಸ್ಸಿಗೆ ಚಾಮರಾಜನಗರಕ್ಕೆ ಹೊರಟೆ. ರೂಮಿನಲ್ಲಿ ಮುಖ ತೊಳೆಯಲು ನೀರು ಕೈಗೆ ತೆಗೆದುಕೊಂಡವನು ಮತ್ತೆ ಬಕೆಟ್ಟಿಗೆ ಸುರಿದುಬಿಟ್ಟೆ.